ಹಳೇ ಪೆಟ್ರೋಲ್ ಜೀಪ್ ಟ್ಯೂನಿಂಗ್: ಮೊದಲು ಪಾಯಿಂಟ್, ಕೊನೆಗೆ ಕಾರ್ಬುರೇಟರ್
ವಿಲ್ಲೀಸ್ ಎಫ್-ಹೆಡ್ ಇಂಜಿನ್ನಿನ ಜೀಪ್, ಪಿಕಪ್ ಇದ್ದವರು ಮೊದಲು ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಗ್ಯಾಪ್ 0.020 ಇಂಚಿಗೆ ಇಡಿ, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಜಾಗಕ್ಕೆ, 5 ಡಿಗ್ರಿ ಮುಂಚೆ, ಕಾರ್ಬುರೇಟರ್ ಸ್ಕ್ರೂ ಕೊನೆಗೆ. ಗ್ಯಾಪ್ ಬದಲಾದರೆ ಟೈಮಿಂಗ್ ಜರುಗುತ್ತದೆ, ಟೈಮಿಂಗ್ ಜರುಗಿದರೆ ಐಡ್ಲಿಂಗ್ ಏರಿಳಿಯುತ್ತದೆ. ಮೊದಲೇ ಕೂರಿಸಿದ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಹಾಳು. ಮಿಕ್ಸ್ಚರಿಗೆ ಕಿವಿ ನಂಬಬೇಡಿ, ಇಂಟೇಕ್ ಮ್ಯಾನಿಫೋಲ್ಡಿನ ನಿರ್ವಾತ ತೋರಿಸುವ ವ್ಯಾಕ್ಯೂಮ್ ಗೇಜ್ ಹಾಕಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳು ಅತಿ ಮೇಲಕ್ಕೆ ಹೋಗಿ ಅಲುಗದೆ ನಿಲ್ಲುವವರೆಗೆ ಕಾರ್ಬುರೇಟರಿನ ಐಡಲ್ ಮಿಕ್ಸ್ಚರ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಪುಸ್ತಕದಲ್ಲಿರುವ ಗೇಜ್ ಅಂಕಿ ಸಮುದ್ರಮಟ್ಟದ್ದು. ಸಾವಿರ ಅಡಿ ಎತ್ತರಕ್ಕೆ ಸುಮಾರು 1 ಇಂಚು (ಪಾದರಸದ ಅಳತೆ) ಇಳಿಯುತ್ತದೆ, ಹಾಗಾಗಿ ಮಡಿಕೇರಿಯಲ್ಲಿ 4 ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ. ಸ್ಕ್ರೂ ಎಷ್ಟು ತಿರುಗಿಸಿದರೂ ಐಡ್ಲಿಂಗ್ ಬದಲಾಗುತ್ತಿಲ್ಲವೇ? ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೆಯುತ್ತಿರಬಹುದು, ಇಲ್ಲವೇ ಐಡಲ್ ಜೆಟ್ ಕಟ್ಟಿಕೊಂಡಿರಬಹುದು. ಅದನ್ನು ಸರಿಮಾಡದೆ ಈ ಉಪಾಯ ಕೆಲಸ ಮಾಡುವುದಿಲ್ಲ.