ಮೂರು ಬಟ್ಟಲಿನ ಚಹಾ: ಚಾವೊಜೌನಲ್ಲಿ ನಾನು ಕಲಿತ ಬಗೆ

ಪಿಂಗಾಣಿ ಸಾಮಗ್ರಿಗಳನ್ನು ಆಮದು ಮಾಡಿಕೊಳ್ಳುವ ವ್ಯವಹಾರದ ನಿಮಿತ್ತ ನಾನು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವೊಜೌ ನಗರಕ್ಕೆ ಹಲವು ವರ್ಷ ಹೋಗಿ ಬರುತ್ತಿದ್ದೆ. ಅಲ್ಲಿನ ಕಾರ್ಖಾನೆಗಳಲ್ಲಿ ದರದ ಮಾತೆತ್ತುವ ಮೊದಲು ಚಹಾ ಆಗಲೇಬೇಕು. ಮಾಲೀಕರ ಮೇಜಿನ ಮೇಲೆ ಕಡತಗಳಿಗಿಂತ ಹೆಚ್ಚಿನ ಜಾಗವನ್ನು ಚಹಾದ ತಟ್ಟೆಯೇ ಹಿಡಿದಿರುತ್ತದೆ. ಕುಡಿಯುತ್ತ ಕುಡಿಯುತ್ತ ರುಚಿ ಹತ್ತಿದ ಮೇಲೆ, ನನಗೆ ಸಾಮಾನು ಒದಗಿಸುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಪುಟ್ಟ ಪಾತ್ರೆಯಲ್ಲಿ ಹೆಚ್ಚು ಎಲೆ ಹಾಕಿ ಮತ್ತೆ ಮತ್ತೆ ಚಹಾ ಇಳಿಸುವ ಗೊಂಗ್‌ಫು ವಿಧಾನವನ್ನು ಕಲಿತೆ.

ಬೇಕಾಗುವ ವಸ್ತುಗಳು ಕಡಿಮೆ: ಸುಮಾರು 100 ಮಿಲಿಲೀಟರ್ ನೀರು ಹಿಡಿಯುವ, ಗೈವಾನ್ ಎಂಬ ಮುಚ್ಚಳದ ಬಟ್ಟಲು, ಚೆಲ್ಲಿದ ನೀರು ಕೆಳಗಿಳಿಯುವಂತಹ ತೂತಿನ ತಟ್ಟೆ, ಎರಡು ಮೂರು ಗುಟುಕಿಗೆ ಮುಗಿಯುವ ಮೂರು ಪುಟ್ಟ ಬಟ್ಟಲುಗಳು. ಐದಾರು ಜನ ಕುಳಿತಿದ್ದರೂ ಸಂಪ್ರದಾಯದ ಪ್ರಕಾರ ಬಟ್ಟಲು ಮೂರೇ. ಒಬ್ಬರು ಕುಡಿದಿಟ್ಟದ್ದನ್ನು ಕುದಿನೀರಿನಲ್ಲಿ ತೊಳೆದು ಮುಂದಿನ ಸುತ್ತಿನಲ್ಲಿ ಮತ್ತೊಬ್ಬರಿಗೆ ಕೊಡುತ್ತಾರೆ. ಎಂಜಲಿನ ವಿಷಯದಲ್ಲಿ ಕಟ್ಟುನಿಟ್ಟಾದ ಮನೆಯಲ್ಲಿ ಬೆಳೆದ ನನಗೆ ಇದು ಒಗ್ಗಲು ಕಾಲ ಹಿಡಿಯಿತು. ಆದರೆ ಬಟ್ಟಲು ಕಡಿಮೆ ಇರುವುದರಿಂದಲೇ ‘ಮೊದಲು ನೀವು ತೆಗೆದುಕೊಳ್ಳಿ’ ಎಂಬ ಉಪಚಾರಕ್ಕೆ ಆಸ್ಪದ ಸಿಗುತ್ತದೆ, ಹೊಸಬರೂ ಬೇಗ ಮಾತಿಗಿಳಿಯುತ್ತಾರೆ.

ಅಲ್ಲಿನವರ ಮೆಚ್ಚಿನ ಎಲೆ ಹತ್ತಿರದ ಫೆಂಗ್‌ಹುವಾಂಗ್ ಬೆಟ್ಟದ ದಾನ್‌ತ್ಸೊಂಗ್ ಎಂಬ ಊಲಾಂಗ್, ಅಂದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ. ಕಪ್ಪುಗಂದು ಬಣ್ಣದ, ಉದ್ದಕ್ಕೆ ಹುರಿಗೊಂಡ ಈ ಎಲೆಯನ್ನು ನಾನು ಏಳೆಂಟು ಗ್ರಾಂ ಹಾಕುತ್ತೇನೆ. ಒಣ ಎಲೆಯೇ ಗೈವಾನನ್ನು ಬಹುಮಟ್ಟಿಗೆ ತುಂಬುತ್ತದೆ. ಕುದಿಯುವ ನೀರನ್ನು ಅಂಚಿನ ಸುತ್ತ ಸುರಿದು, ಮೇಲೆದ್ದ ನೊರೆಯನ್ನು ಮುಚ್ಚಳದಿಂದ ಸವರಿ ತೆಗೆದು, ಆ ಮೊದಲ ನೀರನ್ನು ತಡಮಾಡದೆ ಬಗ್ಗಿಸಿ ಅದರಲ್ಲೇ ಬಟ್ಟಲುಗಳನ್ನು ತೊಳೆಯಬೇಕು. ಕುಡಿಯುವ ಚಹಾ ಬರುವುದು ಎರಡನೆಯ ನೀರಿನಿಂದ, ಅದೂ ಹತ್ತು ಸೆಕೆಂಡಿನೊಳಗೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವುದನ್ನು ಕಾಯುವ ಅಭ್ಯಾಸದ ಕೈಗೆ ಈ ಅವಸರ ವಿಚಿತ್ರವೆನಿಸಿದರೂ, ಇಷ್ಟು ಎಲೆಯ ಮೇಲೆ ನೀರು ನಿಂತರೆ ಕಹಿಯಾಗದೆ ಇರದು. ಹೆಬ್ಬೆರಳು ಮತ್ತು ನಡುಬೆರಳಿನಿಂದ ಹೊರಚಾಚಿದ ಅಂಚನ್ನು ಹಿಡಿದು, ತೋರುಬೆರಳನ್ನು ಮುಚ್ಚಳದ ಗುಬುಟಿನ ಮೇಲಿಟ್ಟು, ಕೂದಲೆಳೆಯಷ್ಟು ಸಂದು ಬಿಟ್ಟು ಬಗ್ಗಿಸಬೇಕು. ನೀರು ಅಂಚಿನವರೆಗೆ ಏರದಿದ್ದರೆ ಬೆರಳು ಸುಡುವುದಿಲ್ಲ.

ನಿಜವಾದ ಕೈಚಳಕ ಹಂಚುವುದರಲ್ಲಿದೆ. ಮೂರು ಬಟ್ಟಲುಗಳನ್ನು ಒಂದಕ್ಕೊಂದು ತಾಗಿಸಿಟ್ಟು, ಧಾರೆಯನ್ನು ಅವುಗಳ ಮೇಲೆ ಸುತ್ತ ಸುತ್ತ ತಿರುಗಿಸುವುದನ್ನು ಅವರು ‘ಸೇನಾನಿ ಗುವಾನ್ ಗೊಂಗ್ ನಗರ ಸುತ್ತುವುದು’ ಎನ್ನುತ್ತಾರೆ. ಕಡೆಯ ಗಟ್ಟಿ ಹನಿಗಳನ್ನು ಒಂದೊಂದು ಬಟ್ಟಲಿಗೂ ಎಣಿಸಿದಂತೆ ಬೀಳಿಸುವುದು ‘ಸೇನಾನಿ ಹಾನ್ ಶಿನ್ ತನ್ನ ಸೈನಿಕರನ್ನು ಎಣಿಸುವುದು’. ಮೂರರ ಬಣ್ಣವೂ ಒಂದೇ ಆಗಿರಬೇಕು, ಯಾವ ಬಟ್ಟಲೂ ತುಂಬಿ ತುಳುಕಬಾರದು. ಕಂಠಮಟ್ಟ ತುಂಬಿಸಿ ಕೊಡುವುದು ಅತಿಥಿಗೆ ಅಗೌರವ. ಬಡಿಸಿದವರಿಗೆ ಮೇಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ಕೃತಜ್ಞತೆ ಸೂಚಿಸುತ್ತಾರೆ, ಹಾಗಾಗಿ ಮಾತು ತುಂಡಾಗುವುದಿಲ್ಲ. ಈ ರೂಢಿ ನನಗೆ ಬಹಳ ಹಿಡಿಸಿತು.

ಬೆಂಗಳೂರಿನ ಮನೆಯಲ್ಲಿ ಮಾಡುವಾಗ ತೊಡಕಾದದ್ದು ನೀರು. ಚಹಾದ ಬಗ್ಗೆ ಗ್ರಂಥ ಬರೆದ ಎಂಟನೆಯ ಶತಮಾನದ ಚೀನೀ ಲೇಖಕ ಲು ಯು ಚಹಾಕ್ಕೆ ಬೆಟ್ಟದ ನೀರು ಉತ್ತಮ, ನದಿಯದು ಮಧ್ಯಮ, ಬಾವಿಯದು ಕನಿಷ್ಠ ಎಂದು ಬರೆದಿದ್ದಾನೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಪರಿಮಳ ಮಂಕಾಗಿ ಮೇಲೆ ಕೆನೆಯಂತಹ ಪೊರೆ ಕಟ್ಟುವುದನ್ನು ನೋಡಿದ ಮೇಲೆ ಶೋಧಿಸಿದ ಮೆದು ನೀರನ್ನೇ ಬಳಸುತ್ತಿದ್ದೇನೆ. ಒಂದೇ ಎಲೆಗೆ ಏಳೆಂಟು ಸಲ ನೀರು ಹಾಕಬಹುದು, ಪ್ರತಿ ಸಲವೂ ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕು. ಖಾಲಿ ಹೊಟ್ಟೆಯಲ್ಲಿ ಮಾತ್ರ ಇದು ಬೇಡ, ತಲೆ ಸುತ್ತುತ್ತದೆ. ಚಾವೊಜೌನವರು ಜೊತೆಗೆ ಕಡಲೆಕಾಯಿಯ ಸಿಹಿ ಇಡುತ್ತಾರೆ, ನಮ್ಮಲ್ಲಿ ಚಿಕ್ಕಿ ಸಾಕು.