ಹಿತ್ತಲ ಕಟ್ಟೆಯ ಮೇಲೆ ಹೊಲಿದ ಕೌದಿ

ಕೌದಿ ಹೊಲಿಯೋಕೆ ಟೈಮ್ ಹೇಗೆ ಸಿಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಸಿಕ್ಕಿದ್ದು ಒಂದು ಜಾಗ. ಧಾರವಾಡದ ನಮ್ಮ ಹಳೇ ಮನೆಯ ಹಿತ್ತಲ ಬಾಗಿಲ ಹೊರಗೆ ಒಂದು ಅಗಲವಾದ ಕಟ್ಟೆ ಇದೆ. ಮೇಲೆ ಹೆಂಚಿನ ಮಾಡು. ಹಾಸಿದ ಬಟ್ಟೆಯನ್ನು ಅಲ್ಲಿಂದ ದಿನಾ ಎತ್ತಿಡಬೇಕಾಗಿಲ್ಲ. ಕುಕ್ಕರ್ ಸೀಟಿ ಹೊಡೆಯುವಷ್ಟರಲ್ಲಿ ಅರ್ಧ ಸಾಲು ಹಾಕಬಹುದು. ಹಾಲಿನವನು ಬಂದರೆ ಸೂಜಿ ಚುಚ್ಚಿಟ್ಟು ಎದ್ದು ಹೋಗಬಹುದು. ಪ್ರತಿಸಲ ಮಡಚಿ ಒಳಗಿಡಬೇಕಾದ ಕೌದಿ ಮುಗಿಯುವುದೇ ಇಲ್ಲ. ಮಂಚದ ಕೆಳಗೆ ಗಂಟು ಕಟ್ಟಿಟ್ಟ ಅರ್ಧಂಬರ್ಧ ಕೌದಿಗಳನ್ನು ನಾನು ಎಷ್ಟು ಮನೆಯಲ್ಲಿ ನೋಡಿಲ್ಲ!

ಮಗಳು ಚೊಚ್ಚಲ ಬಸುರಿ. ಬಾಣಂತನ ನಮ್ಮಲ್ಲೇ. ಹಾಗಾಗಿ ಎರಡು ಕೌದಿ ಬೇಕಿತ್ತು: ಮಗುವಿಗೆ ಒಂದು ಚಿಕ್ಕದು, ಅವಳಿಗೆ ಒಂದು ದೊಡ್ಡದು. ಅಂಗಡಿಯಲ್ಲಿ ಬಣ್ಣಬಣ್ಣದ ಬೇಬಿ ಸೆಟ್ ಸಿಗುತ್ತವೆ, ಇಲ್ಲ ಅಂತಲ್ಲ. ಆದರೆ ಅವುಗಳ ಒಳಗಿನ ತುಂಬು ಬಹುಪಾಲು ಪಾಲಿಯೆಸ್ಟರ್. ಮಗು ಬೆವರುತ್ತೆ. ಹತ್ತಾರು ವರ್ಷ ಒಗೆದ ಹತ್ತಿ ಸೀರೆಯಷ್ಟು ಮೆತ್ತಗಿನ ಬಟ್ಟೆ ಹೊಸದಾಗಿ ಎಲ್ಲೂ ಸಿಗಲ್ಲ.

ಮೊದಲು ಬಟ್ಟೆಯ ವಿಷಯ, ಯಾಕೆಂದರೆ ಕೌದಿಯ ಹಣೆಬರಹ ಅಲ್ಲೇ ತೀರ್ಮಾನ ಆಗುತ್ತೆ. ನಮ್ಮ ಟ್ರಂಕಿನಲ್ಲಿ ಅತ್ತೆಯ ಹಳೇ ಇಳಕಲ್ ಸೀರೆಗಳಿದ್ದವು. ದಾಳಿಂಬೆ ಬಣ್ಣದ್ದು, ಗಿಳಿ ಹಸಿರಿನದ್ದು. ಇಳಕಲ್ ಸೀರೆಯನ್ನು ಕೌದಿಗೆ ಹಾಕುವವರು ಸೆರಗು ಮತ್ತು ಮೈಯನ್ನು ಮೊದಲು ಬೇರೆ ಮಾಡಬೇಕು. ಆ ಸೀರೆಯ ಮೈ ಹತ್ತಿ ನೂಲಾದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತೆ. ಮಗ್ಗದಲ್ಲೇ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಬೆರಳಾಡಿಸಿದರೆ ಆ ಕೊಂಡಿಯ ಸಾಲು ಸಣ್ಣಗೆ ತಾಗುತ್ತೆ. ಅದರ ಮೇಲೇ ಕತ್ತರಿ ಆಡಿಸಿ. ಸೆರಗನ್ನು ಒಳಪದರಕ್ಕೆ ಹಾಕಿದರೆ ಒಗೆದಾಗ ಒಂದು ಕಡೆ ಮುದುಡಿ ಇನ್ನೊಂದು ಕಡೆ ಜಾರುತ್ತೆ. ನಾನು ಸೆರಗಿನ ತುಂಡುಗಳನ್ನು ದೊಡ್ಡ ಕೌದಿಯ ಮೇಲೆ ತೇಪೆಗೆ ಮಾತ್ರ ಬಳಸಿದೆ. ಮಗುವಿನದಕ್ಕೆ ಒಂದನ್ನೂ ಹಾಕಲಿಲ್ಲ.

ಬಣ್ಣ ಬಿಡುತ್ತಾ ಅಂತ ನೋಡೋಕೆ ಬಿಸಿನೀರಲ್ಲಿ ನೆನೆಸಿ, ಒಂದು ಬಿಳಿ ಚಿಂದಿಯನ್ನು ಜೊತೆಗೇ ಹಾಕಿ. ಚಿಂದಿ ಬಿಳಿಯಾಗೇ ಉಳಿಯುವವರೆಗೆ ಒಗೆಯಿರಿ. ಕೆಂಪು ತುಂಬಾ ಸತಾಯಿಸುತ್ತೆ. ಯಾವುದು ಹತ್ತಿ, ಯಾವುದು ಮಿಕ್ಸ್ ಅಂತ ಗೊತ್ತಾಗದಿದ್ದರೆ ಒಂದೆಳೆ ಕಿತ್ತು ಕಡ್ಡಿ ಗೀರಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಗುಂಡು ನಿಲ್ಲುತ್ತೆ.

ಅದೇ ಟ್ರಂಕಿನಲ್ಲಿ ಮಾವನವರ ಧೋತರಗಳೂ ಇದ್ದವು. ಅವರು ಹೋಗಿ ಕೆಲವು ವರ್ಷ ಆಯಿತು. ಹೆಚ್ಚಿನದನ್ನು ಆಗಲೇ ಕೊಟ್ಟುಬಿಟ್ಟಿದ್ದೆವು, ಎರಡನ್ನು ಮಾತ್ರ ನನ್ನ ಗಂಡ ತೆಗೆದಿಟ್ಟಿದ್ದರು. ಮೊಮ್ಮಗುವಿನ ಕೌದಿಗೆ ಅದು ಇರಲಿ ಅಂತ ಅವರ ಆಸೆ. ಬೀಗರ ಕಡೆಯವರಿಗೆ ಮನಸ್ಸಿರಲಿಲ್ಲ. ಸತ್ತವರ ಅರಿವೆ ಹಸುಗೂಸಿಗೆ ಹೇಗೆ ಹಾಸೋದು ಅಂತ ಫೋನಿನಲ್ಲಿ ಮೆಲ್ಲಗೆ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ, ನನಗೂ ಒಳಗೊಳಗೆ ಅಳುಕಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಆಗಷ್ಟೇ ಲಿಂಗಪೂಜೆ ಮುಗಿಸಿ, ಹಣೆಯ ಮೇಲೆ ಹಸಿ ವಿಭೂತಿಯೊಂದಿಗೆ ಬಿಸಿಲಿಗೆ ಬಂದು ಕೂತಿದ್ದರು.

“ಲಿಂಗವಂತರಿಗೆ ಸೂತಕ ಎಲ್ಲೈತಿ?” ಅಂದರು. “ಹುಟ್ಟಿದ್ದಕ್ಕೂ ಇಲ್ಲ, ಸತ್ತದ್ದಕ್ಕೂ ಇಲ್ಲ. ಅಜ್ಜನ ಧೋತರ ಮೊಮ್ಮಗಗ ಚುಚ್ಚತೈತೇನು? ಹಾಕವಾ, ಹಾಕು.”

ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ: ಈ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲ ಅನ್ನೋದನ್ನು ನಾವೆಲ್ಲ ಭಾಷಣದಲ್ಲಿ ಕೇಳಿದ್ದೇವೆ. ಒಂದು ಬಟ್ಟೆ ತುಂಡನ್ನು ಕೈಯಲ್ಲಿ ಹಿಡಿದು ಅದರಂತೆ ನಡೆಯೋದು ಬೇರೆ. ಹಾಗಂತ ಅತ್ತೆಗೆ ನಿಯಮಗಳೇ ಇಲ್ಲ ಅಂದುಕೊಳ್ಳಬೇಡಿ. ಅಮಾವಾಸ್ಯೆ ದಿನ ಸೂಜಿ ಮುಟ್ಟಬಾರದು. ದೀಪ ಹಚ್ಚಿದ ಮೇಲೆ ಯಾರಿಗೂ ಸೂಜಿ ಕೊಡಬಾರದು. ಇದು ಯಾವ ವಚನದಲ್ಲಿದೆ ಅಂತ ನನ್ನ ಗಂಡ ಕೆಣಕಿದರೆ, “ನಮ್ಮವ್ವ ಹೇಳ್ಯಾಳ, ಸಾಕು” ಅಂತ ಬಾಯಿ ಮುಚ್ಚಿಸುತ್ತಾರೆ. ಬೀಗರಿಗೆ ಕೊನೆಗೆ ಅತ್ತೆಯೇ ಫೋನ್ ಮಾಡಿದರು. ಏನು ಮಾತಾಡಿದರೋ, ಅಲ್ಲಿಂದ ಅವರ ಕಡೆಯ ಅಜ್ಜಿಯದೂ ಒಂದು ಹಳೇ ಸೀರೆ ಬಂತು.

ಇನ್ನು ಹೊಲಿಗೆ. ಆರು ಗಜದ ಸೀರೆ ಅಂದರೆ 18 ಅಡಿ. ಮೂರು ಮಡಿಕೆ ಹಾಕಿದರೆ 6 ಅಡಿ ಉದ್ದ, ಸುಮಾರು 4 ಅಡಿ ಅಗಲದ ಮೂರು ಪದರ ಸಿಗುತ್ತೆ. ಒಬ್ಬರ ಹೊದಿಕೆಗೆ ಇದೇ ಒಳಗಿನ ತುಂಬು. ಕೆಳಗೆ ಒಂದು ಗಟ್ಟಿ ಬಟ್ಟೆ, ಮೇಲೆ ತುಂಡು ಜೋಡಿಸಿದ ಒಂದು ಪದರ. ಒಟ್ಟು ಐದು. ಇದಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ಇಳಿಯಲ್ಲ, ಹೆಬ್ಬೆರಳು ಸೋಲುತ್ತೆ. ಮಗುವಿನದಕ್ಕೆ ಮೂರೇ ಪದರ ಹಾಕಿದೆ. ಮೇಲೆ ಕೆಳಗೆ ಸೀರೆ, ನಡುವೆ ಅಜ್ಜನ ಧೋತರ. ಅದು ಕೆಳಗೆ ಹಾಸೋಕೆ ಮಾತ್ರ. ಸಣ್ಣ ಕೂಸಿನ ಮೇಲೆ ಸಡಿಲ ಹೊದಿಕೆ ಹೊದಿಸಿ ಮಲಗಿಸಬೇಡಿ ಅಂತ ಮಕ್ಕಳ ಡಾಕ್ಟರು ಹೇಳುತ್ತಾರೆ, ಅದು ಸರಿಯಾದ ಮಾತು. ಗುಂಡಿ, ಕನ್ನಡಿ, ಮಣಿ ಏನೂ ಬೇಡ.

ಪದರಗಳನ್ನು ಕಟ್ಟೆಯ ಮೇಲೆ ಒಂದೊಂದಾಗಿ ಹಾಸಿ, ಅಂಗೈಯಿಂದ ಸುಕ್ಕು ತೆಗೆದು, ನಾಲ್ಕು ಮೂಲೆಗೂ ಭಾರ ಇಟ್ಟೆ. ನಮ್ಮಲ್ಲಿ ಒಳಕಲ್ಲಿನ ಗುಂಡು, ಎರಡು ಇಟ್ಟಿಗೆ, ಮತ್ತೆ ಗಂಡನ ಹಳೇ ಡಿಕ್ಷನರಿ. ಆಮೇಲೆ ಕಚ್ಚಾ ಹೊಲಿಗೆ, ಅಂದರೆ ಪದರ ಸರಿಯದಂತೆ ತಾತ್ಕಾಲಿಕವಾಗಿ ಹಾಕೋದು. ಒಂದೊಂದು ಗೇಣಿಗೆ ಒಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಇದನ್ನು ಬಿಡಲೇಬೇಡಿ. ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಹೋಗುತ್ತೇವೆ, ಕೊನೆಗೆ ನಡುಮಧ್ಯಕ್ಕೆ ಬರುತ್ತೇವೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಕವಂದಿಯೂ ಹೀಗೇ ಮೂಲೆಯಿಂದ ಶುರುವಾಗಿ ಸುತ್ತುತ್ತಾ ಒಳಗೆ ಬರುತ್ತೆ. ಹೀಗೆ ಹೊಲಿದಾಗ ಸಡಿಲ ಬಟ್ಟೆಯೆಲ್ಲ ನಡುವಿಗೆ ತಳ್ಳಿಕೊಂಡು ಬರುತ್ತೆ. ಕಚ್ಚಾ ಹೊಲಿಗೆ ಇಲ್ಲದಿದ್ದರೆ ಕೊನೆಯಲ್ಲಿ ಮಧ್ಯದಲ್ಲೊಂದು ಗುಡ್ಡ ಏಳುತ್ತೆ. ಪ್ರತಿ ಸುತ್ತು ಮುಗಿದಾಗ ಅಂಗೈಯಿಂದ ಒಳಗಡೆಗೆ ಸವರಿ ನೋಡಿ.

ಸೂಜಿ ಉದ್ದನೆಯದಿರಲಿ. ದಬ್ಬಣ ಬೇಡ, ಅದು ಗೋಣಿಚೀಲಕ್ಕೆ. ದಪ್ಪ ಹತ್ತಿ ದಾರವನ್ನು ಎರಡೆಳೆ ಮಾಡಿ ಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗಲ್ಲ. ಗಂಟನ್ನು ಪದರದ ಒಳಗೆ ಅಡಗಿಸಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಸಾಕು. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಒಟ್ಟಿಗೆ ತುಂಬಿಕೊಂಡು ಒಂದೇ ಸಲ ಎಳೆಯೋದು ಕಲಿತರೆ ಕೆಲಸ ಬೇಗ ಸಾಗುತ್ತೆ. ಅತ್ತೆಗೆ ಈಗ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಸಾಲದು. ನಾನು ಬೆಳಿಗ್ಗೆಯೇ ಏಳೆಂಟು ಸೂಜಿಗೆ ಪೋಣಿಸಿ ಒಂದು ಚಿಂದಿಗೆ ಚುಚ್ಚಿಟ್ಟರೆ, ಅವರು ಮಧ್ಯಾಹ್ನದ ತನಕ ತಮ್ಮ ಬದಿಯ ಅಂಚು ಹೊಲಿಯುತ್ತಾರೆ. ಅವರ ಸಾಲು ಇವತ್ತಿಗೂ ನನ್ನದಕ್ಕಿಂತ ನೇರ.

ಹಕ್ಕಿಗಳ ಮಾತು ಇಲ್ಲೇ ಬರಬೇಕು, ಯಾಕೆಂದರೆ ಕಟ್ಟೆ ಬರೀ ನಮ್ಮದಲ್ಲ. ಪೂಜೆ ಆದ ಮೇಲೆ ಒಂದು ಹಿಡಿ ಜೋಳ ಹಿತ್ತಲಿಗೆ ಚೆಲ್ಲೋದು ಅತ್ತೆಯ ರೂಢಿ. ಅವರ ಪ್ರಕಾರ ಅದೂ ಪೂಜೆಯ ಭಾಗವೇ. ಗುಬ್ಬಿ ಬರುತ್ತವೆ, ಗೊರವಂಕ ಜಗಳ ತೆಗೆಯುತ್ತವೆ, ಪಿಕಳಾರಗಳಿಗೆ ಕಾಳಿಗಿಂತ ಪೇರಲ ಹಣ್ಣಿನ ಮೇಲೇ ಕಣ್ಣು. ಕಾಳು ಹಾಕಿದರೆ ಗುಬ್ಬಿ ಉಳಿಯುತ್ತೆ ಅಂತ ಬಹಳ ಜನ ನಂಬಿದ್ದಾರೆ. ದೊಡ್ಡ ಗುಬ್ಬಿಗೆ ಕಾಳು ಸರಿ. ಮರಿಗೆ ಮೊದಲ ದಿನಗಳಲ್ಲಿ ಬೇಕಾಗೋದು ಹುಳುಹುಪ್ಪಟೆ. ಗಿಡಕ್ಕೆ ಔಷಧಿ ಹೊಡೆದು ಹುಳ ಎಲ್ಲ ಸಾಯಿಸಿ, ಕಾಳು ಚೆಲ್ಲಿ ಪುಣ್ಯ ಕಟ್ಟಿಕೊಳ್ಳೋಕಾಗಲ್ಲ ಅಲ್ವಾ? ನಮ್ಮ ಹಿತ್ತಲಲ್ಲಿ ಔಷಧಿ ಹೊಡೆಯೋದನ್ನು ನಿಲ್ಲಿಸಿದ್ದೇವೆ. ಬದನೆಕಾಯಲ್ಲಿ ಹುಳ ಸಿಗುತ್ತೆ, ಕೊಯ್ದು ತೆಗೆಯುತ್ತೇವೆ, ಅಷ್ಟೇ. ನೀರಿಗೆ ಆಳವಿಲ್ಲದ ಮಣ್ಣಿನ ತಟ್ಟೆ ಸಾಕು, ನಡುವೆ ಒಂದು ಕಲ್ಲು. ದಿನಾ ತಿಕ್ಕಿ ತೊಳೆಯಬೇಕು.

ಲಿಂಬೆ ಗಿಡದಲ್ಲಿ ಈ ಸಲ ಸಿಂಪಿಗ ಹಕ್ಕಿ ಗೂಡು ಮಾಡಿತು. ಹೆಬ್ಬೆರಳಷ್ಟು ಪುಟ್ಟ ಹಕ್ಕಿ, ಬಾಲ ಸದಾ ನೆಟ್ಟಗೆ, ಆದರೆ ಕೂಗು ಇಡೀ ಓಣಿಗೆ ಕೇಳುತ್ತೆ. ಗೂಡು ಕಟ್ಟೋದು ಹೆಣ್ಣು. ಕೊಕ್ಕಿನಿಂದ ಎಲೆಯ ಅಂಚಿಗೆ ತೂತು ಕೊರೆದು, ಜೇಡನ ಬಲೆಯ ಎಳೆಯೋ ಹತ್ತಿಯ ಎಳೆಯೋ ತೂರಿಸಿ, ಎಲೆಗಳನ್ನು ಕೂಡಿಸಿ ಚೀಲದ ಹಾಗೆ ಮಾಡುತ್ತೆ. ಎಲೆಯ ಮೇಲ್ಮೈ ಹೊರಗಡೆ ಇರೋದರಿಂದ ಪಕ್ಕದಲ್ಲೇ ನಿಂತರೂ ಗೂಡು ಅಂತ ತಿಳಿಯಲ್ಲ. ಮರಿಗಳು ಹಾರಿಹೋದ ಮೇಲೆ ನಾನು ಆ ಟೊಂಗೆಯನ್ನು ಬಗ್ಗಿಸಿ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಹೊಲಿಗೆಯನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿ ನೋಡಿದರು.

“ಗಂಟ ಇಲ್ಲಲ್ಲವಾ ಇದರಾಗ!”

ನಿಜವಾಗಿಯೂ ಇರಲಿಲ್ಲ. ತೂತಿನಿಂದ ಹೊರಬಂದ ಎಳೆಯ ತುದಿ ಹತ್ತಿಯಾಗಿ ಉಬ್ಬಿಕೊಂಡಿತ್ತು. ಆ ಉಬ್ಬೇ ಎಳೆ ಹಿಂದಕ್ಕೆ ಜಾರದಂತೆ ತಡೆದಿತ್ತು. ತೂತು ಎಷ್ಟು ಸಣ್ಣದು ಅಂದರೆ ಎಲೆ ಹರಿದಿರಲಿಲ್ಲ, ಅಂಚು ಕಂದಿರಲಿಲ್ಲ. ಎಲೆಗಳ ನಡುವೆ ಒಂದಷ್ಟು ಬಿಳಿ ನೂಲೂ ಕಂಡಿತು. ಅತ್ತೆ ಶಿವದಾರಕ್ಕೆ, ಅಂದರೆ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳೋ ದಾರಕ್ಕೆ, ನೂಲು ಹೊಸೆದಾಗ ಉಳಿದ ಚೂರುಗಳನ್ನು ಕಟ್ಟೆಯ ಮೂಲೆಯಲ್ಲೇ ಬಿಡುತ್ತಾರೆ. “ನೋಡು, ಅದಕ್ಕೂ ಶಿವದಾರ ಸಿಕ್ಕೈತಿ” ಅಂತ ನಕ್ಕರು. ಹೊಲಿಗೆ ಕೆಲಸದ ಶರಣರೂ ಇದ್ದರಲ್ಲ, ಸೂಜಿಕಾಯಕದ ರಾಮಿತಂದೆ, ಅತ್ತೆ ಅವರ ಹೆಸರನ್ನೇ ಆ ಹಕ್ಕಿಗೆ ಇಟ್ಟಿದ್ದಾರೆ. ಹೆಣ್ಣು ಹಕ್ಕಿ ಅಂತ ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ಎಚ್ಚರಿಕೆ. ಹಕ್ಕಿಗೆ ಅಂತ ಉದ್ದ ದಾರ ಬಿಡಬೇಡಿ. ಮರಿಗಳ ಕಾಲಿಗೆ ಸುತ್ತಿಕೊಂಡು ಕಾಲೇ ಹೋಗಬಹುದು. ಬೆರಳಿಗಿಂತ ಗಿಡ್ಡ ಚೂರುಗಳು, ಅದೂ ಬರೀ ಹತ್ತಿಯದು. ನೈಲಾನ್, ಪಾಲಿಯೆಸ್ಟರ್ ದಾರವನ್ನು ಕಸದ ಡಬ್ಬಿಗೇ ಹಾಕಿ. ನಾನೀಗ ಕಟ್ಟೆಯಿಂದ ಏಳುವ ಮುಂಚೆ ಉದ್ದ ದಾರಗಳನ್ನೆಲ್ಲ ಆರಿಸಿ ಡಬ್ಬಿಗೆ ತುಂಬುತ್ತೇನೆ.

ಕೌದಿ ಮಧ್ಯಕ್ಕೆ ಬಂದಾಗ ಅಂಗೈಯಗಲ ಜಾಗ ಬಿಟ್ಟು ನಿಲ್ಲಿಸಿದೆವು. ಕೌದಿಯ ಹೊಟ್ಟೆ ತುಂಬಿಸೋ ಶಾಸ್ತ್ರ ಅತ್ತೆಯದು. ಕೌದಿ ಹಸಿದಿದ್ದರೆ ಹೊದ್ದವರಿಗೂ ಹಸಿವು ಅಂತ ಅವರ ಮಾತು. ಕೆಲವರು ಹೋಳಿಗೆ ಚೂರು ಇಡುತ್ತಾರೆ. ಇರುವೆ ಮುತ್ತುತ್ತೆ ಅಂತ ನಾನು ತಕರಾರು ತೆಗೆದೆ. ರಾಜಿ ಆಗಿದ್ದು ಖಡಕ್ ರೊಟ್ಟಿಯ ಮೇಲೆ. ಚೆನ್ನಾಗಿ ಒಣಗಿದ, ಉಗುರಗಲದ ಒಂದು ಚೂರು. ಮಗಳ ಕೈಯಿಂದಲೇ ಇಡಿಸಿ, ವಿಭೂತಿ ಹಚ್ಚಿ, ಮೇಲೆ ಚೌಕ ತೇಪೆ ಹಾಕಿ ಹೊಲಿದರು. ಮೊದಲ ಒಗೆತದಲ್ಲಿ ರೊಟ್ಟಿ ಕರಗಿಹೋಗುತ್ತೆ ಅಂದೆ. “ಉಂಡದ್ದು ಕರಗಬೇಕಲ್ಲವಾ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಗೆಯೋದರ ಬಗ್ಗೆ ಒಂದು ಮಾತು. ದೊಡ್ಡ ಕೌದಿ ನೀರು ಕುಡಿದರೆ ಒಬ್ಬರಿಂದ ಎತ್ತೋಕಾಗಲ್ಲ. ಹಳ್ಳಿಗಳಲ್ಲಿ ಮಾರ್ನಮಿ ಮುಂದೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಹೊತ್ತೊಯ್ದು, ಇಬ್ಬರು ಎದುರುಬದುರು ನಿಂತು ಹಿಂಡುತ್ತಿದ್ದರು. ವಾಷಿಂಗ್ ಮಷೀನಿಗೆ ಹಾಕಿದರೆ ಕೈಹೊಲಿಗೆ ಕಿತ್ತು ಬರುತ್ತೆ, ಮಷೀನಿಗೂ ಒಳ್ಳೇದಲ್ಲ. ನಾವು ಬಚ್ಚಲಲ್ಲಿ ಕಾಲಿನಿಂದ ತುಳಿದು ಒಗೆದು, ಕಟ್ಟೆಯ ಅಂಚಿನ ಮೇಲೇ ಹರವಿ ನೀರು ಬಸಿಯೋಕೆ ಬಿಡುತ್ತೇವೆ. ಹಗ್ಗಕ್ಕೆ ಹಸಿಯಾಗಿ ಹಾಕಿದರೆ ಭಾರಕ್ಕೆ ಹೊಲಿಗೆ ಜಗ್ಗುತ್ತೆ.

ಮಗಳು ಈಗ ಇನ್ನೊಂದು ಕೇಳುತ್ತಿದ್ದಾಳೆ, ಪುಣೆಯ ಮನೆಗೆ. ಕಷ್ಟ ಇರೋದು ಬಟ್ಟೆಯದು. ನನ್ನ ಕಪಾಟಿನಲ್ಲಿ ಕಡ್ಡಿ ಗೀರಿದರೆ ಬೂದಿ ಉದುರುವ ಸೀರೆ ಬಹಳ ಕಮ್ಮಿ. ಓಣಿಯಲ್ಲಿ ಹೇಳಿಟ್ಟಿದ್ದೆ. ಪಕ್ಕದ ಮನೆ ಅಕ್ಕ ತಮ್ಮ ತಾಯಿಯ ಎರಡು ಕಾಟನ್ ಸೀರೆ ತಂದುಕೊಟ್ಟಿದ್ದಾರೆ. ಎರಡೂ ಕೆಂಪು. ಮೂರನೇ ನೀರು ಬದಲಿಸಿದರೂ ಚಿಂದಿ ಇನ್ನೂ ಗುಲಾಬಿಯಾಗೇ ಬರುತ್ತಿದೆ.