ನುಂಗುವಾಗ ಗಂಟಲು ನೋವು: ನಾನು ನೋಡುವ ಬಗೆ

‘ಎಂಜಲು ನುಂಗೋಕೂ ಆಗ್ತಿಲ್ಲ ಡಾಕ್ಟ್ರೇ’ ಎನ್ನುವವರ ಬಾಯಿಗೆ ಟಾರ್ಚ್ ಬಿಡುವ ಮೊದಲು ನಾನು ಕೆಮ್ಮು, ನೆಗಡಿ ಇದೆಯೇ ಎಂದು ಕೇಳುತ್ತೇನೆ. ಮೂಗು ಸೋರುತ್ತಿದ್ದು, ಧ್ವನಿಯೂ ಕಟ್ಟಿದ್ದರೆ ಅದು ಹೆಚ್ಚಾಗಿ ವೈರಸ್ಸಿನ ಕೆಲಸ. ಆಂಟಿಬಯಾಟಿಕ್‌ನಿಂದ ಅದಕ್ಕೆ ಏನೂ ಆಗದು. ಸಾಮಾನ್ಯವಾಗಿ ವಾರದೊಳಗೆ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್, ಬೆಚ್ಚಗಿನ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸುವುದು, ಸಾಕಷ್ಟು ನೀರು. ಜೇನೂ ಹಿತವೇ, ಆದರೆ ವರ್ಷ ತುಂಬದ ಮಗುವಿಗೆ ಖಂಡಿತ ಬೇಡ.

ಕೆಮ್ಮಿಲ್ಲ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆ, ಊದಿದ ಟಾನ್ಸಿಲ್ ಮೇಲೆ ಕೀವಿನ ಚುಕ್ಕೆಗಳಿವೆ, ದವಡೆಯ ಕೆಳಗಿನ ಗಂಟು ಮುಟ್ಟಿದರೆ ನೋಯುತ್ತದೆ. ಇವೆಲ್ಲ ಒಟ್ಟಿಗೆ ಬಂದಾಗ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಅನುಮಾನ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಆಗಲೂ ಸಾಧ್ಯವಿದ್ದಲ್ಲಿ ಗಂಟಲಿನ ಸ್ವ್ಯಾಬ್ ಪರೀಕ್ಷೆ (ಹತ್ತಿಕಡ್ಡಿಯಿಂದ ಒರೆಸಿ ತೆಗೆದ ಮಾದರಿಯ ಪರೀಕ್ಷೆ) ಮಾಡಿಸಿ, ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಬರೆಯುತ್ತೇನೆ, ಮಕ್ಕಳಿಗೆ 10 ದಿನಕ್ಕೆ. ನೋವು ಇಳಿದ ಕೂಡಲೇ ಔಷಧಿ ನಿಲ್ಲಿಸುವವರು ಬಹಳ. ಈ ಸೋಂಕಿನ ನಂತರ ರುಮ್ಯಾಟಿಕ್ ಜ್ವರ ಬಂದು ಮಗುವಿನ ಹೃದಯದ ಕವಾಟ ಹಾಳಾಗದಿರಲಿ ಎಂದೇ ಪೂರ್ತಿ ಕೋರ್ಸ್ ಕೊಡುವುದು ಎಂದು ತಾಯಿ ತಂದೆಯನ್ನು ಕೂರಿಸಿಕೊಂಡು ಹೇಳುತ್ತೇನೆ.

ನಾನು ಎಂದೂ ಬಿಡದ ಇನ್ನೊಂದು ಪ್ರಶ್ನೆ: ಬೇರೆ ಯಾವ ಮಾತ್ರೆ ತಗೋತಿದ್ದೀರಿ? ಥೈರಾಯ್ಡ್ ಹೆಚ್ಚಾದವರಿಗೆ ಕೊಡುವ ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಗಂಟಲು ನೋವೇ ಅದರ ಮೊದಲ ಸೂಚನೆಯಾಗಿರಬಹುದು. ಅಂಥವರಿಗೆ ಆ ಮಾತ್ರೆ ನಿಲ್ಲಿಸಿ ಅಂದೇ ರಕ್ತ ಪರೀಕ್ಷೆ. ನಾಳೆ ನೋಡೋಣ ಎನ್ನುವಂತಿಲ್ಲ. ಸ್ಟೆರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರ ಗಂಟಲಲ್ಲಿ ಫಂಗಸ್ ಬೆಳೆಯಬಹುದು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಅನ್ನು ಒಂದೇ ಗುಟುಕು ನೀರಲ್ಲಿ ನುಂಗಿ ಮಲಗಿದವರಿಗೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಆಗ ನುಂಗಿದಾಗ ನೋಯುವುದು ಎದೆಮೂಳೆಯ ಹಿಂದೆ.

ಬಾಯಿ ಪೂರ್ತಿ ತೆರೆಯಲಾಗದೆ, ಕಿರುನಾಲಿಗೆ ಒಂದು ಬದಿಗೆ ಸರಿದಿದ್ದರೆ ಟಾನ್ಸಿಲ್ ಪಕ್ಕ ಕೀವು ತುಂಬಿರುವ ಸಾಧ್ಯತೆ ಹೆಚ್ಚು, ಅದನ್ನು ಹೊರತೆಗೆಯಲೇಬೇಕು. ಜೊಲ್ಲು ಸುರಿಸುತ್ತಾ, ಮುಂದಕ್ಕೆ ಬಾಗಿ ಕೂತು ಉಸಿರಿಗೆ ಕಷ್ಟಪಡುವ ಮಗುವಿನ ಬಾಯಿಯೊಳಗೆ ನಾನು ಏನನ್ನೂ ಹಾಕಿ ನೋಡುವುದಿಲ್ಲ, ನೇರ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ತಂಬಾಕು ಬಳಸುವವರಿಗೆ ಒಂದೇ ಬದಿಯ ನೋವು 3 ವಾರ ಕಳೆದರೂ ಹೋಗದಿದ್ದರೆ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇಎನ್‌ಟಿ ತಜ್ಞರಿಂದ ಎಂಡೋಸ್ಕೋಪಿ ಮಾಡಿಸುತ್ತೇನೆ.